ವಯಸ್ಸಾದ ಮೊಲದ ಕಣ್ಣು: ಏನು ಕಂಡರೆ ಏನರ್ಥ, ಮೊದಲು ಎಲ್ಲಿ ನೋಡಬೇಕು

ನಮ್ಮ ಬೆಣ್ಣೆಗೆ ಈಗ ಎಂಟು ವರ್ಷ ದಾಟಿದೆ. ಬಿಳಿ ಮೈ, ಕೆಂಪು ಕಣ್ಣು. ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಯಲ್ಲಿ ಗ್ಯಾಲರಿ ಬಾಗಿಲ ಪಕ್ಕದ ಜಾಗ ಅವಳದ್ದು. ಮೊದಲು ಜೊತೆಗೆ ಗುಂಡ ಅಂತ ಒಂದು ಬೂದು ಮೊಲ ಇತ್ತು. ದೀಪಾವಳಿ ಮುಗಿದ ವಾರ ಗುಂಡ ಹೋದ. ಹತ್ತು ದಿನ ಆಗುವಷ್ಟರಲ್ಲಿ ಬೆಣ್ಣೆಯ ಎಡಗಣ್ಣಿನ ಕೆಳಗೆ ಕೂದಲು ಒದ್ದೆಯಾಗತೊಡಗಿತು. "ಜೊತೆಗಾರ ಹೋದ ಅಂತ ಅಳ್ತಾ ಇದೆ, ಪಾಪ" ಅಂದರು ಅತ್ತೆ. ನನಗೂ ಹಾಗೇ ಅನಿಸಿತು.

ಜೊತೆ ಕಳೆದುಕೊಂಡ ಮೊಲ ಮಂಕಾಗುವುದು ನಿಜ. ಆದರೆ ಮೊಲ ದುಃಖಕ್ಕೆ ಕಣ್ಣೀರು ಹಾಕುವುದಿಲ್ಲ. ಆ ನೀರು ಬಹಳ ದಿನದಿಂದ ಬರುತ್ತಲೇ ಇತ್ತು. ಗುಂಡ ದಿನಾ ಅವಳ ಮುಖ ನೆಕ್ಕಿ ಒರೆಸುತ್ತಿದ್ದ. ಒರೆಸುವವನು ಹೋದ ಮೇಲೆ ನಮ್ಮ ಕಣ್ಣಿಗೆ ಬಿತ್ತು. ಮೂಲ ಕಾರಣ ಕಣ್ಣಿನಲ್ಲಿ ಇರಲೇ ಇಲ್ಲ, ಹಲ್ಲಿನ ಬೇರಿನಲ್ಲಿತ್ತು. ವಯಸ್ಸಾದ ಮೊಲದ ಕಣ್ಣಿಗೆ ಏನೇ ಆದರೂ ಬಾಯಿಯನ್ನು ಒಮ್ಮೆ ನೋಡಲೇಬೇಕು ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಐದಾರು ವರ್ಷ ದಾಟಿದ ಮೊಲ ಮುದಿ ಮೊಲದ ಲೆಕ್ಕ. ಚೆನ್ನಾಗಿ ನೋಡಿಕೊಂಡರೆ ಮನೆಯ ಮೊಲ ಎಂಟರಿಂದ ಹನ್ನೆರಡು ವರ್ಷ ಬದುಕುತ್ತದೆ. ಅಂದರೆ ಬಾಳಿನ ಅರ್ಧ ಮುದಿತನವೇ. ಆ ಅರ್ಧದಲ್ಲಿ ಕಣ್ಣಿನ ತೊಂದರೆ ಯಾವಾಗ ಬೇಕಾದರೂ ಬರಬಹುದು. ಕೆಳಗಿನದು ನಮ್ಮ ಅನುಭವ ಮತ್ತು ಡಾಕ್ಟರ ಹತ್ತಿರ ಕೇಳಿ ಕೇಳಿ ಕಲಿತದ್ದು. ಸುಲಭದ್ದು ಮೊದಲು ಇದೆ, ಕಷ್ಟದ್ದು ಆಮೇಲೆ.

ಇವು ಕಂಡರೆ ಓದುವುದನ್ನು ಬಿಟ್ಟು ಹೊರಡಿ

ಕಣ್ಣು ಮುಂದಕ್ಕೆ ಉಬ್ಬಿ ಬಂದಿದ್ದರೆ. ರೆಪ್ಪೆ ಪೂರ್ತಿ ಬಿಗಿಯಾಗಿ ಮುಚ್ಚಿಕೊಂಡಿದ್ದರೆ. ನಿನ್ನೆ ತಿಳಿಯಾಗಿದ್ದ ಕಣ್ಣು ಇವತ್ತು ನೀಲಿ-ಬಿಳಿಯಾಗಿ ಮಂಜು ಕವಿದಂತಿದ್ದರೆ. ಕಣ್ಣಿನ ಮೇಲೆ ಗಾಯವೋ ರಕ್ತವೋ ಕಂಡರೆ. ಕುತ್ತಿಗೆ ಒಂದು ಕಡೆಗೆ ತಿರುಚಿ ಮೊಲ ಉರುಳುತ್ತಿದ್ದರೆ. ಒದ್ದೆ ಕೂದಲಿನಲ್ಲಿ ಹುಳ ಕಂಡರೆ.

ಕಣ್ಣಿಗೆ ಸಂಬಂಧವೇ ಇಲ್ಲ ಅನಿಸುವ ಇನ್ನೊಂದು ಇದೆ. ಹತ್ತು ಹನ್ನೆರಡು ಗಂಟೆ ಮೊಲ ಏನೂ ತಿನ್ನದೆ, ಹಿಕ್ಕೆಯೂ ಹಾಕದೆ ಕೂತಿದ್ದರೆ ಅದು ತುರ್ತು. ಕಣ್ಣು ನೋಯುವ ಮೊಲ ಮೊದಲು ಬಿಡುವುದು ಊಟವನ್ನು. ಊಟ ನಿಂತರೆ ಕರುಳು ನಿಲ್ಲುತ್ತದೆ. ಕಣ್ಣಿನ ಕಾಯಿಲೆ ವಾರಗಟ್ಟಲೆ ಎಳೆಯಬಹುದು, ನಿಂತ ಕರುಳು ಒಂದೆರಡು ದಿನದಲ್ಲೇ ಪ್ರಾಣ ತೆಗೆಯುತ್ತದೆ. ಹಾಗಾಗಿ ಬೆಳಿಗ್ಗೆ ಎದ್ದ ಕೂಡಲೇ ಕಣ್ಣಿಗಿಂತ ಮೊದಲು ಹಿಕ್ಕೆ ನೋಡಿ. ಎಷ್ಟಿದೆ, ಯಾವತ್ತಿನ ಗಾತ್ರವೇ ಇದೆಯಾ ಅಂತ.

ಕೈ ಹಾಕುವ ಮೊದಲು ಸುಮ್ನೆ ಕೂತು ನೋಡಿ

ಖರ್ಚಿಲ್ಲದ ಪರೀಕ್ಷೆ ಇದು. ಬೆಳಿಗ್ಗೆ, ಕಿಟಕಿಯ ಬೆಳಕಿನಲ್ಲಿ, ಮೊಲದ ಮಟ್ಟಕ್ಕೆ ನೆಲದ ಮೇಲೆ ಕೂತು ಐದು ನಿಮಿಷ ನೋಡಿ. ಎರಡೂ ಕಣ್ಣು ಒಂದೇ ಅಳತೆಗೆ ತೆರೆದಿವೆಯಾ? ಒಂದು ಕಣ್ಣಿನ ಒಳಮೂಲೆಯಿಂದ ಮೂರನೇ ರೆಪ್ಪೆ, ಆ ತೆಳು ಪರದೆ, ಅರ್ಧಕ್ಕೆ ಬಂದು ನಿಂತಿದೆಯಾ? ಮುಂಗಾಲಿನ ಒಳಭಾಗ ನೋಡಿ. ಅಲ್ಲಿ ಕೂದಲು ಗಂಟುಗಂಟಾಗಿ ಅಂಟಿದ್ದರೆ ನಿಮಗೆ ಕಾಣದ ಹೊತ್ತಿನಲ್ಲಿ ಮೊಲ ಮುಖ ಒರೆಸಿಕೊಳ್ಳುತ್ತಿದೆ ಅಂತ ಅರ್ಥ.

ಕಣ್ಣು ಮಿಟುಕಿಸದೆ ನಿಮ್ಮನ್ನೇ ದಿಟ್ಟಿಸುತ್ತಿದೆ ಅಂತ ಗಾಬರಿ ಬೇಡ. ಮೊಲ ಗಂಟೆಗೆ ಹತ್ತು ಹನ್ನೆರಡು ಸಲ ಮಾತ್ರ ರೆಪ್ಪೆ ಬಡಿಯುತ್ತದೆ. ಪದೇ ಪದೇ ಮಿಟುಕಿಸಿದರೆ ಅದೇ ಲಕ್ಷಣ. ಇಷ್ಟು ಕಡಿಮೆ ಮಿಟುಕಿಸುವುದರಿಂದ ಹುಲ್ಲಿನ ಪುಡಿ, ಧೂಳು ಕಣ್ಣಿನ ಮೇಲೆ ಜಾಸ್ತಿ ಹೊತ್ತು ಕೂತಿರುತ್ತವೆ ಅನ್ನುವುದೂ ನೆನಪಿರಲಿ.

ಮೊಬೈಲಿನಲ್ಲಿ ಎರಡೂ ಕಣ್ಣಿನ ಫೋಟೋ ತೆಗೆದಿಡಿ. ಫ್ಲ್ಯಾಶ್ ಬೇಡ. ದಿನಾ ಒಂದೇ ಜಾಗ, ಒಂದೇ ಹೊತ್ತು. "ನಿನ್ನೆಗಿಂತ ಜಾಸ್ತಿನಾ, ಕಮ್ಮಿನಾ?" ಅಂತ ಡಾಕ್ಟರು ಕೇಳಿದಾಗ ನನಗೆ ಉತ್ತರ ಕೊಟ್ಟಿದ್ದು ಆ ಫೋಟೋಗಳೇ.

ಕಣ್ಣಿನ ಕೆಳಗೆ ಒದ್ದೆ, ನೀರು ತಿಳಿಯಾಗಿದೆ

ಮೊದಲು ಮನೆಯನ್ನು ನೋಡಿ. ಮೂಗನ್ನು ಮೊಲ ಉಚ್ಚೆ ಮಾಡುವ ತಟ್ಟೆಯ ಹತ್ತಿರ ಇಟ್ಟು ಉಸಿರೆಳೆಯಿರಿ. ಉಚ್ಚೆಯ ಘಾಟು ನಿಮ್ಮ ಕಣ್ಣಿಗೇ ಚುರ್ ಅಂದರೆ ದಿನವಿಡೀ ಅದರ ಮೇಲೇ ಕೂರುವ ಮೊಲದ ಗತಿ ಏನು ಅಲ್ವಾ? ಮುಂಬೈ ಮಳೆಗಾಲದಲ್ಲಿ ಇದು ದೊಡ್ಡ ಸಮಸ್ಯೆ. ಕಿಟಕಿ ಮುಚ್ಚಿರುತ್ತದೆ, ಹಾಸಿದ ಬಟ್ಟೆ ಒಣಗುವುದೇ ಇಲ್ಲ. ದಿನಕ್ಕೆ ಎರಡು ಸಲ ತಟ್ಟೆ ಬದಲಿಸಿ. ಸೊಳ್ಳೆ ಬತ್ತಿ, ಊದುಬತ್ತಿ, ಫಿನೈಲ್, ಒಗ್ಗರಣೆಯ ಹೊಗೆ ಎಲ್ಲವನ್ನೂ ಮೂರು ದಿನ ಅದರ ಜಾಗದಿಂದ ದೂರ ಇಡಿ. ಪಕ್ಕದಲ್ಲಿ ಹಳೆ ಕಟ್ಟಡ ಕೆಡವುತ್ತಿದ್ದರೆ ಗ್ಯಾಲರಿಯಿಂದ ಒಳಕ್ಕೆ ತನ್ನಿ. ಒಣಹುಲ್ಲನ್ನು ಹೊರಗೆ ಚೆನ್ನಾಗಿ ಕೊಡವಿ ಹಾಕಿ. ಹುಲ್ಲನ್ನು ಮೂತಿಯ ಮಟ್ಟಕ್ಕಿಂತ ಮೇಲೆ ತೂಗುಹಾಕಿದ್ದರೆ ಕೆಳಗಿಳಿಸಿ, ಪುಡಿ ನೇರ ಕಣ್ಣಿಗೆ ಬೀಳುತ್ತದೆ.

ಮೂರು ದಿನದಲ್ಲಿ ಒಣಗಿದರೆ ಕಾರಣ ಸಿಕ್ಕಿತು. ಎರಡೂ ಕಣ್ಣಲ್ಲಿ ನೀರಿದ್ದರೆ ಸಾಮಾನ್ಯವಾಗಿ ಗಾಳಿಯದ್ದೇ ತಪ್ಪು. ಒಂದೇ ಕಣ್ಣಲ್ಲಿದ್ದರೆ ಆ ಬದಿಯಲ್ಲೇ ಏನೋ ಇದೆ. ಒಂದು ಕಸ, ಒಂದು ಗೀರು, ಅಥವಾ ಕಟ್ಟಿಕೊಂಡ ನಾಳ.

ನಾಳದ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಎಲ್ಲದರ ಬೇರು ಇಲ್ಲಿದೆ. ನಮಗೆ ಪ್ರತಿ ಕಣ್ಣಿನ ಮೂಲೆಯಲ್ಲಿ ಕಣ್ಣೀರು ಇಳಿಯಲು ಎರಡು ತೂತುಗಳಿವೆ. ಮೊಲಕ್ಕೆ ಒಂದೇ, ಕೆಳಗಿನ ರೆಪ್ಪೆಯ ಒಳಗೆ. ಅಲ್ಲಿಂದ ಒಂದು ಸಣ್ಣ ನಾಳ ತಿರುವು ತಿರುವಾಗಿ ಮೂಗಿನ ಹೊಳ್ಳೆಗೆ ಬರುತ್ತದೆ. ದಾರಿಯಲ್ಲಿ ಅದು ಮೇಲಿನ ದವಡೆ ಹಲ್ಲು ಮತ್ತು ಬಾಚಿಹಲ್ಲಿನ ಬೇರುಗಳನ್ನು ಒತ್ತಿಕೊಂಡೇ ಹಾದುಹೋಗುತ್ತದೆ. ಮೊಲದ 28 ಹಲ್ಲುಗಳೂ ಸಾಯುವ ತನಕ ಬೆಳೆಯುತ್ತಲೇ ಇರುತ್ತವೆ. ಬಾಚಿಹಲ್ಲು ವಾರಕ್ಕೆ ಸುಮಾರು ಎರಡು ಮಿಲಿಮೀಟರ್ ಬೆಳೆಯುತ್ತದೆ. ಒಣಹುಲ್ಲು ಅಗಿದು ಅಗಿದು ಸವೆಯಬೇಕು. ಸವೆಯದಿದ್ದರೆ ಹಲ್ಲು ಮೇಲೆ ಮಾತ್ರ ಬೆಳೆಯುವುದಿಲ್ಲ, ಬೇರು ಹಿಂದಕ್ಕೆ ಒತ್ತುತ್ತದೆ. ಆಗ ನಾಳ ಸೊಟ್ಟಗಾಗಿ ಕಟ್ಟಿಕೊಳ್ಳುತ್ತದೆ. ಕೆಳಗೆ ಹೋಗಲು ದಾರಿ ಇಲ್ಲದ ಕಣ್ಣೀರು ಕೆನ್ನೆ ಮೇಲೆ ಹರಿಯುತ್ತದೆ.

ಹಾಗಾಗಿ ಬಾಯಿ ಪರೀಕ್ಷೆ. ಮನೆಯಲ್ಲೇ ಮಾಡಬಹುದಾದದ್ದು ಇಷ್ಟು: ಮೇಲ್ದುಟಿ ಮೆಲ್ಲಗೆ ಎತ್ತಿ ಬಾಚಿಹಲ್ಲು ನೇರ ಇವೆಯಾ ನೋಡಿ. ಕೆಳದವಡೆಯ ಅಂಚಿನಲ್ಲಿ ಬೆರಳು ಎಳೆಯಿರಿ. ಗಂಟು ಗಂಟಾಗಿ ತಗುಲಿದರೆ ಬೇರು ಬೆಳೆದಿರಬಹುದು. ಗಲ್ಲ ಒದ್ದೆ ಇದೆಯಾ ನೋಡಿ. ಆಮೇಲೆ ತಿನ್ನುವ ರೀತಿ. ಬೆಣ್ಣೆ ಕೊತ್ತಂಬರಿ ಸೊಪ್ಪನ್ನು ಖುಷಿಯಿಂದ ತಿನ್ನುತ್ತಿದ್ದಳು, ಒಣಹುಲ್ಲು ಬಾಯಿಗಿಟ್ಟು ಎರಡು ಸಲ ಅಗಿದು ಬೀಳಿಸುತ್ತಿದ್ದಳು. "ವಯಸ್ಸಾಯಿತು, ರುಚಿ ಬದಲಾಗಿದೆ" ಅಂದುಕೊಂಡೆ. ಅದು ಹಲ್ಲುನೋವು. ಮೆತ್ತಗಿರುವುದು ಬೇಕು, ಗಟ್ಟಿ ಬೇಡ ಅನ್ನುವ ಮೊಲಕ್ಕೆ ಬಾಯಿ ನೋಯುತ್ತಿದೆ ಅಂತಲೇ ತಿಳಿಯಿರಿ.

ದವಡೆ ಹಲ್ಲು ಮಾತ್ರ ನಮಗೆ ಕಾಣುವುದಿಲ್ಲ. ಬಾಯಿ ಚಿಕ್ಕದು, ಹಲ್ಲು ಬಹಳ ಹಿಂದಿದೆ. ಬಲವಂತವಾಗಿ ಬಾಯಿ ತೆರೆಸಲು ಹೋಗಬೇಡಿ.

ಹಾಲಿನಂಥ, ಮೊಸರಿನಂಥ ಗೀಜು

ನೀರು ಬೆಳ್ಳಗಾಯಿತು ಅಂದರೆ ನಾಳದಲ್ಲಿ ಸೋಂಕು ಕೂತಿದೆ. ಮೂರು ದಿನ ಕಾದು ನೋಡುವ ಮಾತು ಇಲ್ಲಿಗೆ ಮುಗಿಯಿತು. ಒಂದೆರಡು ದಿನದೊಳಗೆ ಡಾಕ್ಟರಿಗೆ ತೋರಿಸಿ.

ಬೆಣ್ಣೆಯನ್ನು ಮೇಜಿನ ಮೇಲೆ ಕೂರಿಸಿ ಡಾಕ್ಟರು ಕಣ್ಣಿನ ಒಳಮೂಲೆಯ ಕೆಳಗೆ ಬೆರಳಿಟ್ಟು ಮೆತ್ತಗೆ ಒತ್ತಿದರು. ರೆಪ್ಪೆಯ ಅಂಚಿನಿಂದ ಗಟ್ಟಿ ಮಜ್ಜಿಗೆಯಂಥ ಒಂದು ಹನಿ ಮೇಲೆ ಬಂತು. ಅವರು ಕಣ್ಣನ್ನು ಅಲ್ಲೇ ಬಿಟ್ಟು "ದಾತ್ ಬಘೂಯಾ" ಅಂದರು. ಹಲ್ಲು ನೋಡೋಣ ಅಂತ. ತಲೆಯ ಎಕ್ಸ್‌ರೇ ತೆಗೆಸಿದಾಗ ಬೇರು ಎಲ್ಲಿ ಒತ್ತಿದೆ ಅಂತ ಕಂಡಿತು.

ಈ ಒತ್ತುವ ಪರೀಕ್ಷೆ ನೀವು ಮಾಡಬೇಡಿ. ಕಣ್ಣಿನಲ್ಲಿ ಹುಣ್ಣಿದ್ದರೆ ಒತ್ತಡ ಅದನ್ನು ಒಡೆಯಬಹುದು.

ಆಮೇಲೆ ನಾಳ ತೊಳೆದರು. ಮರಗಟ್ಟಿಸುವ ಹನಿ ಹಾಕಿ, ಆ ಒಂದೇ ತೂತಿಗೆ ತೀರಾ ಸಣ್ಣ ಕೊಳವೆ ಇಳಿಸಿ ಸಲೈನ್ ಬಿಡುತ್ತಾರೆ. ನಾಳ ಬಿಟ್ಟುಕೊಂಡರೆ ಆ ನೀರು ಮೂಗಿನ ಹೊಳ್ಳೆಯಿಂದ ಬರುತ್ತದೆ. ನಮಗೆ ಮೊದಲ ಸಲ ಬರಲಿಲ್ಲ, ಎರಡನೇ ವಾರ ಬಂತು. ಬೇರು ಹಾಗೇ ಇರುವುದರಿಂದ ನಾಳ ಮತ್ತೆ ಕಟ್ಟಬಹುದು. ಒಂದು ಸಲ ತೊಳೆದರೆ ಕಥೆ ಮುಗಿಯಿತು ಅಂತ ತಿಳಿಯಬೇಡಿ. ಕೆಲವು ಮೊಲಗಳಿಗೆ ಇದು ಕೊನೆಯವರೆಗೂ ಆಗಾಗ ನಡೆಯುವ ಕೆಲಸ, ಮನಸ್ಸನ್ನು ಅದಕ್ಕೆ ಸಿದ್ಧ ಮಾಡಿಕೊಳ್ಳಿ.

ಮನೆಯಲ್ಲಿ ಮಾಡಬೇಕಾದದ್ದು ಒರೆಸುವುದು. ಕಾಯಿಸಿ ಆರಿಸಿದ ನೀರು ಅಥವಾ ಮೆಡಿಕಲ್‌ನಲ್ಲಿ ಸಿಗುವ 0.9 ಶೇಕಡಾ ಸಲೈನ್. ಬಿಡಿ ಹತ್ತಿ ಬೇಡ, ಎಳೆ ಕಣ್ಣಲ್ಲಿ ಉಳಿಯುತ್ತದೆ. ಹತ್ತಿಯ ಪ್ಯಾಡ್ ಅಥವಾ ಗಾಜ್ ತೆಗೆದುಕೊಳ್ಳಿ. ಒಣಗಿದ ಗೀಜಿನ ಮೇಲೆ ಒದ್ದೆ ಪ್ಯಾಡ್ ಇಟ್ಟು ಎರಡು ನಿಮಿಷ ಹಾಗೇ ಹಿಡಿಯಿರಿ. ತಾನಾಗಿ ಮೆತ್ತಗಾದ ಮೇಲೆ ಕಣ್ಣಿನಿಂದ ದೂರಕ್ಕೆ ಒರೆಸಿ. ಕಿತ್ತರೆ ಚರ್ಮ ಸಮೇತ ಬರುತ್ತದೆ, ಮೊಲದ ಚರ್ಮ ಅಷ್ಟು ತೆಳು. ಎಡಕ್ಕೊಂದು ಬಲಕ್ಕೊಂದು ಪ್ಯಾಡ್. ಕೊನೆಗೆ ಒಣ ಬಟ್ಟೆಯಿಂದ ಒತ್ತಿ ಒಣಗಿಸಿ. ಈ ಒಣಗಿಸುವ ಕೆಲಸವನ್ನು ಎಷ್ಟೋ ಜನ ಬಿಡುತ್ತಾರೆ. ಒದ್ದೆ ಉಳಿದರೆ ಕೂದಲು ಉದುರಿ ಚರ್ಮ ಕೆಂಪಾಗಿ ಬೇಯುತ್ತದೆ. ಮಳೆಗಾಲದಲ್ಲಿ ನೊಣ ಬಂದು ಮೊಟ್ಟೆ ಇಡುತ್ತದೆ, ಒಂದೇ ದಿನದಲ್ಲಿ ಹುಳ ಆಗುತ್ತದೆ. ಮುದಿ ಮೊಲಕ್ಕೆ ಸೊಂಟ ಬಗ್ಗದೆ ಹಿಂಭಾಗವೂ ಕೊಳಕಾಗಿರಬಹುದು. ಕಣ್ಣು ಒರೆಸುವಾಗ ಬಾಲದ ಕೆಳಗೂ ಒಮ್ಮೆ ನೋಡಿಬಿಡಿ.

ಒಂದು ಕಣ್ಣು ಅರ್ಧ ಮುಚ್ಚಿದೆ, ಬೆಳಕು ಕಂಡರೆ ಕುಗ್ಗುತ್ತದೆ

ಅರ್ಧ ಮುಚ್ಚಿದ ಕಣ್ಣು ಅಂದರೆ ನೋವು. ಕಣ್ಣಿನ ಮೇಲಿನ ಗಾಜಿನಂಥ ಪದರದಲ್ಲಿ, ಕಾರ್ನಿಯಾ ಅನ್ನುತ್ತಾರಲ್ಲ ಅದರಲ್ಲಿ, ಗೀರೋ ಹುಣ್ಣೋ ಆಗಿರುವ ಸಾಧ್ಯತೆ ಜಾಸ್ತಿ. ಹುಲ್ಲಿನ ಕಡ್ಡಿ ಚುಚ್ಚಿರಬಹುದು. ಮೂರನೇ ರೆಪ್ಪೆಯ ಹಿಂದೆ ಹುಲ್ಲಿನ ತುಣುಕು ಸಿಕ್ಕಿಕೊಂಡಿರಬಹುದು.

ಮನೆಯಲ್ಲಿ ಮಾಡಬಹುದಾದದ್ದು ಒಂದೇ. ಸಲೈನ್ ಬಾಟಲಿಯಿಂದ ಧಾರೆಯಾಗಿ ಕಣ್ಣು ತೊಳೆಯಿರಿ. ತೇಲಿ ಬಂದರೆ ಬಂತು. ಬರಲಿಲ್ಲ ಅಂದರೆ ಇಕ್ಕಳ, ಇಯರ್ ಬಡ್, ಸೀರೆ ಸೆರಗಿನ ತುದಿ ಯಾವುದೂ ಬೇಡ. ಅದೇ ದಿನ ಡಾಕ್ಟರು. ಅವರು ಫ್ಲೋರೆಸಿನ್ ಅನ್ನುವ ಬಣ್ಣದ ಪಟ್ಟಿ ತಾಗಿಸಿ ನೀಲಿ ಬೆಳಕಲ್ಲಿ ನೋಡುತ್ತಾರೆ. ಹುಣ್ಣಿದ್ದ ಜಾಗ ಹಸಿರಾಗಿ ಹೊಳೆಯುತ್ತದೆ. ಆ ಬಣ್ಣ ಮೂಗಿನಿಂದ ಹೊರಬಂದರೆ ನಾಳ ಬಿಟ್ಟುಕೊಂಡಿದೆ ಅಂತಲೂ ಗೊತ್ತಾಗುತ್ತದೆ.

ಇಲ್ಲಿ ನಾನು ಮಾಡಿದ ತಪ್ಪನ್ನು ಹೇಳಲೇಬೇಕು. ಬೆಣ್ಣೆಯ ಕಣ್ಣು ಒದ್ದೆ ಕಂಡ ಮೊದಲ ವಾರ, ಮಾವನವರ ಪೊರೆ ಆಪರೇಷನ್ ಆದ ಮೇಲೆ ಉಳಿದಿದ್ದ ಹನಿ ಫ್ರಿಜ್‌ನಲ್ಲಿತ್ತು. ಕಣ್ಣಿನ ಔಷಧಿ ತಾನೆ ಅಂತ ಎರಡು ದಿನ ಹಾಕಿದೆ. ಮೂರನೇ ದಿನ ಕಣ್ಣು ಅರ್ಧಕ್ಕೆ ಮುಚ್ಚಿತು. ಅದರಲ್ಲಿ ಸ್ಟೀರಾಯ್ಡ್ ಇತ್ತು. ಬೆಣ್ಣೆಗೆ ಮೊದಲೇ ಒಂದು ಸಣ್ಣ ಗೀರಿತ್ತು, ಸ್ಟೀರಾಯ್ಡ್ ಅದನ್ನು ಮಾಯಲು ಬಿಡದೆ ಹುಣ್ಣು ಮಾಡಿತು. ಸರಿಹೋಗಲು ಮೂರು ವಾರ ಬೇಕಾಯಿತು. ಆ ಮೂರು ವಾರ ಅವಳು ಪಟ್ಟ ನೋವು ನನ್ನ ಕೈಯಿಂದ ಆದದ್ದು.

ಹನಿಯ ಡಬ್ಬಿಯ ಮೇಲೆ ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೋಲೋನ್ ಅಂತ ಇದ್ದರೆ ಅದು ಸ್ಟೀರಾಯ್ಡ್. ಆಂಟಿಬಯಾಟಿಕ್ ಜೊತೆ ಬೆರೆಸಿದ ಹನಿಗಳಲ್ಲಿ ಇವು ಸಣ್ಣ ಅಕ್ಷರದಲ್ಲಿರುತ್ತವೆ. ಮೊಲದ ಮೈ ಸ್ಟೀರಾಯ್ಡಿಗೆ ಬಹಳ ಸೂಕ್ಷ್ಮ, ಕಣ್ಣಿಗೆ ಹಾಕಿದ್ದೂ ಮೈಗೆ ಹತ್ತುತ್ತದೆ. ಅಂಗಡಿಯವರು ಕೊಟ್ಟರು, ನಾಯಿಗೆ ಹಾಕಿ ವಾಸಿಯಾಯಿತು ಅನ್ನುವುದು ಯಾವುದೂ ಲೆಕ್ಕಕ್ಕಿಲ್ಲ. ಬಾಯಿಗೆ ಕೊಡುವ ಅಮಾಕ್ಸಿಸಿಲಿನ್‌ನಂಥ ಪೆನಿಸಿಲಿನ್ ಜಾತಿಯ ಔಷಧಿ ಮೊಲದ ಕರುಳಿನ ಒಳ್ಳೆಯ ಜೀವಾಣುಗಳನ್ನು ಕೊಂದು ಪ್ರಾಣಕ್ಕೇ ತರುತ್ತದೆ. ಇದನ್ನು ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿದ್ದೇವೆ.

ಮನೆಮದ್ದಿನ ಬಗ್ಗೆಯೂ ಒಂದು ಮಾತು. ಕಣ್ಣುರಿ ಅಂದರೆ ನಂದಿಬಟ್ಟಲು ಹೂವು, ಹರಳೆಣ್ಣೆ, ಗುಲಾಬಿ ನೀರು ಅನ್ನುವುದು ನಮ್ಮ ಮನೆಗಳ ರೂಢಿ. ಅತ್ತೆ ಪ್ರೀತಿಯಿಂದಲೇ ಸೊಸೈಟಿಯ ತೋಟದಿಂದ ಹೂ ತಂದಿದ್ದರು. ಮನುಷ್ಯರು ರೆಪ್ಪೆ ಮುಚ್ಚಿ ಮೇಲೆ ಇಟ್ಟುಕೊಳ್ಳುತ್ತಾರೆ. ಮೊಲದ ಕಣ್ಣೊಳಗೆ ರಸ ಹಿಂಡಿದರೆ ಅದೊಂದು ಹೊಸ ಗಾಯ. ಆ ಹೂವನ್ನು ದೇವರ ಮುಂದೆ ಇಟ್ಟೆವು.

ಕಣ್ಣು ಕೆಂಪಾಗಿದೆ

ಮುಂಬೈಯ ಕ್ರಾಫರ್ಡ್ ಮಾರ್ಕೆಟ್‌ನಿಂದ ಬಂದ ಬಿಳಿ ಮೊಲವಾದರೆ ಮೊದಲು ಸಮಾಧಾನ ತಂದುಕೊಳ್ಳಿ. ಅಚ್ಚಬಿಳಿ ಮೊಲಗಳಲ್ಲಿ ಕಣ್ಣಿಗೆ ಬಣ್ಣವೇ ಇಲ್ಲದೆ ಒಳಗಿನ ರಕ್ತದ ಕೆಂಪು ಕಾಣುತ್ತದೆ. ಅದು ಹುಟ್ಟಿನಿಂದ ಬಂದದ್ದು. ಈ ಮೊಲಗಳು ಏನನ್ನಾದರೂ ದಿಟ್ಟಿಸುವಾಗ ತಲೆಯನ್ನು ಅತ್ತಿತ್ತ ತೂಗುತ್ತವೆ. ಅದೂ ಕಾಯಿಲೆಯ ಲಕ್ಷಣ ಆಗಬೇಕಿಲ್ಲ. ನೀವು ನೋಡಬೇಕಾದದ್ದು ಕಣ್ಣುಗುಡ್ಡೆಯ ಸುತ್ತಲಿನ ಬಿಳಿ ಭಾಗ ಮತ್ತು ರೆಪ್ಪೆಯ ಒಳಬದಿ. ಅದು ತೆಳು ಗುಲಾಬಿ ಇದ್ದರೆ ಸರಿ. ಕುಂಕುಮದಂತೆ ಕೆಂಪಾಗಿ ಊದಿದ್ದರೆ ಉರಿಯೂತ. ಜೊತೆಗೆ ಸೀನು, ಮೂಗಲ್ಲಿ ಸಿಂಬಳ ಇದ್ದರೆ ಉಸಿರಾಟದ ಸೋಂಕು ಕಣ್ಣಿಗೆ ಏರಿರಬಹುದು. ಬೇರೆ ಮೊಲಗಳಿದ್ದರೆ ದೂರ ಇಡಿ, ಡಾಕ್ಟರಿಗೆ ತೋರಿಸಿ.

ಕಣ್ಣಿನಲ್ಲಿ ಬಿಳುಪು ಕಾಣುತ್ತಿದೆ

ಬಿಳುಪು ಎಲ್ಲಿದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಮೊಬೈಲ್ ಟಾರ್ಚನ್ನು ನೇರವಾಗಿ ಹಿಡಿಯದೆ ಪಕ್ಕದಿಂದ ಹಿಡಿದು, ಓರೆಯಾಗಿ ನೋಡಿ.

ಪಾಪೆಯ ಒಳಗೆ, ಆಳದಲ್ಲಿ, ಮುತ್ತಿನಂತೆ ಬಿಳಿ ಕಂಡು ಮೇಲಿನ ಪದರ ತಿಳಿಯಾಗಿದ್ದರೆ ಅದು ಪೊರೆ. ವಯಸ್ಸಿನಿಂದ ಬರುತ್ತದೆ, ನೋವಿಲ್ಲ. ಬೆಣ್ಣೆಯ ಬಲಗಣ್ಣಿಗೆ ಹೀಗೇ ಬಂತು. ಹನಿ ಹಾಕಿ ಪೊರೆ ಕರಗಿಸಬಹುದು ಅನ್ನುವವರನ್ನು ನಂಬಬೇಡಿ. ಮೊಲಕ್ಕೂ ಪೊರೆಯ ಆಪರೇಷನ್ ಮಾಡಬಹುದು. ಆದರೆ ಮುದಿ ಮೊಲಕ್ಕೆ ಅರಿವಳಿಕೆ ಕೊಡುವುದು ಚಿಕ್ಕ ಮಾತಲ್ಲ, ಕುರುಡಾದ ಮೊಲ ಮನೆಯೊಳಗೆ ಚೆನ್ನಾಗಿಯೇ ಬದುಕುತ್ತದೆ. ನಾವು ಆಪರೇಷನ್ ಬೇಡ ಅಂತ ನಿರ್ಧರಿಸಿದೆವು, ಈಗಲೂ ಅದು ಸರಿ ಅನಿಸುತ್ತದೆ.

ಪಾಪೆಯ ಸುತ್ತ ಬಣ್ಣದ ಭಾಗದಲ್ಲಿ ಬಿಳಿ ಅಥವಾ ಹಳದಿ ಗುಡ್ಡೆಯಂಥದ್ದು ಎದ್ದಿದ್ದರೆ ಅದು ಬೇರೆ ವಿಷಯ. ಎನ್ಸೆಫಲಿಟೊಜೂನ್ ಕ್ಯುನಿಕುಲಿ ಅನ್ನುವ ಪರಾವಲಂಬಿ ಕಣ್ಣಿನ ಮಸೂರವನ್ನು ಒಳಗಿನಿಂದ ಒಡೆದಾಗ ಹೀಗಾಗುತ್ತದೆ. ಚಿಕ್ಕ ವಯಸ್ಸಿನ ಮೊಲಗಳಲ್ಲಿ ಇದು ಜಾಸ್ತಿ, ಆದರೂ ಮುದಿ ಮೊಲಕ್ಕೆ ಬರುವುದಿಲ್ಲ ಅಂತಿಲ್ಲ. ಫೆನ್‌ಬೆಂಡಜೋಲ್ ಅನ್ನುವ ಔಷಧಿಯನ್ನು ಸಾಮಾನ್ಯವಾಗಿ 28 ದಿನ ಕೊಡುತ್ತಾರೆ. ಅಳತೆ ಡಾಕ್ಟರೇ ಹೇಳಬೇಕು. ಇದು ಉಚ್ಚೆಯಿಂದ ಹರಡುತ್ತದೆ. ತಟ್ಟೆ ತೊಳೆದ ಮೇಲೆ ಕೈ ಸೋಪಿನಿಂದ ತೊಳೆಯಿರಿ. ಮನೆಯಲ್ಲಿ ಕೀಮೋ ಮುಂತಾದ ಚಿಕಿತ್ಸೆಯಿಂದ ಮೈ ಶಕ್ತಿ ಕುಂದಿದವರಿದ್ದರೆ ಆ ಕೆಲಸ ಅವರಿಗೆ ಬೇಡ.

ಕಣ್ಣಿನ ಇಡೀ ಮೇಲ್ಮೈ ನೀಲಿ ಬಿಳುಪಾಗಿ, ಕಣ್ಣೇ ದೊಡ್ಡದಾದಂತೆ ಕಂಡರೆ ಕಣ್ಣೊಳಗಿನ ಒತ್ತಡ ಏರಿದೆ. ಗ್ಲಾಕೋಮಾ. ನ್ಯೂಜಿಲೆಂಡ್ ವೈಟ್ ಅನ್ನುವ ಬಿಳಿ ತಳಿಯಲ್ಲಿ ಇದು ವಂಶದಿಂದಲೂ ಬರುತ್ತದೆ. ಮೊಲ ಹಲ್ಲು ಕಟಕಟ ಕಡಿಯುತ್ತಾ ಮೂಲೆಯಲ್ಲಿ ಮುದುಡಿ ಕೂತರೆ ನೋವು ಜೋರಾಗಿದೆ. ಕಾಯಬೇಡಿ. ಔಷಧಿಗೆ ಬಗ್ಗದಿದ್ದರೆ ಡಾಕ್ಟರು ಕಣ್ಣು ತೆಗೆಯುವ ಮಾತಾಡಬಹುದು. ಕೇಳಿದರೆ ಎದೆ ಝಲ್ಲೆನ್ನುತ್ತದೆ, ಆದರೆ ಸದಾ ನೋಯುವ ಕುರುಡು ಕಣ್ಣಿಗಿಂತ ಇಲ್ಲದ ಕಣ್ಣು ಮೊಲಕ್ಕೆ ಸುಖ.

ಅಂಚಿನಿಂದ ತೆಳು ಚರ್ಮ ಬೆಳೆದು ಉಂಗುರದಂತೆ ಕಣ್ಣನ್ನು ಮುಚ್ಚುತ್ತಾ ಬರುವುದೂ ಮೊಲಗಳಲ್ಲಿ ಉಂಟು. ನೋವಿಲ್ಲ, ನಿಧಾನ. ಡಾಕ್ಟರು ಕತ್ತರಿಸಿ ಸರಿ ಮಾಡಬಹುದು, ಮತ್ತೆ ಬೆಳೆಯದಂತೆಯೂ ನೋಡಬೇಕಾಗುತ್ತದೆ.

ಕಣ್ಣು ಉಬ್ಬಿ ಬಂದಿದೆ

ಒಂದೇ ಕಣ್ಣು ಉಬ್ಬಿದ್ದರೆ ಅದರ ಹಿಂದೆ ಕೀವಿನ ಗಡ್ಡೆ ಇರಬಹುದು, ಅದರ ಬುಡ ಮತ್ತೆ ಹಲ್ಲಿನ ಬೇರು. ಮೊಲದ ಕೀವು ಟೂತ್‌ಪೇಸ್ಟಿನಂತೆ ಗಟ್ಟಿ, ತಾನಾಗಿ ಹರಿದು ಹೋಗುವುದಿಲ್ಲ. ಬರೀ ಮಾತ್ರೆಯಿಂದ ವಾಸಿಯಾಗುವುದು ಕಷ್ಟ. ಎರಡೂ ಕಣ್ಣು ಉಬ್ಬಿ, ತಲೆ ಕೆಳಗೆ ಮಾಡಿದಾಗ ಇನ್ನೂ ಜಾಸ್ತಿ ಕಂಡರೆ ಎದೆಯೊಳಗೆ ಗಡ್ಡೆ ಬೆಳೆದು ರಕ್ತ ವಾಪಸ್ ಹೋಗದಂತೆ ಒತ್ತುತ್ತಿರಬಹುದು. ವಯಸ್ಸಾದ ಮೊಲಗಳಲ್ಲಿ ಇದು ಕಾಣುತ್ತದೆ. ಎದೆಯ ಎಕ್ಸ್‌ರೇ ಕೇಳಿ. ಮನೆಯಲ್ಲಿ ಮಾಡುವಂಥದ್ದು ಏನೂ ಇಲ್ಲ, ಹೋಗುವ ತನಕ ಕಣ್ಣು ಒಣಗದಂತೆ ಸಲೈನ್ ಹನಿಸುತ್ತಿರಿ.

ಕಣ್ಣುಗುಡ್ಡೆ ಪಕಪಕ ಅಲ್ಲಾಡುತ್ತಿದೆ, ತಲೆ ವಾಲಿದೆ

ಇಲ್ಲಿ ಕಣ್ಣಿನ ತಪ್ಪಿಲ್ಲ. ಕಿವಿಯ ಒಳಗಿನ ಸೋಂಕು ಅಥವಾ ಮೇಲೆ ಹೇಳಿದ ಪರಾವಲಂಬಿ ಮಿದುಳಿಗೆ ತಾಗಿರುವುದು ಕಾರಣ. ಮೊಲ ಉರುಳಿ ಕಣ್ಣನ್ನು ನೆಲಕ್ಕೆ ಉಜ್ಜಿಕೊಳ್ಳದಂತೆ ಸುತ್ತಲೂ ಟವೆಲ್ ಸುರುಳಿ ಇಟ್ಟು, ಅದೇ ದಿನ ಕರೆದುಕೊಂಡು ಹೋಗಿ. ವಾಲಿದ ತಲೆಯ ಎಷ್ಟೋ ಮೊಲಗಳು ಚೇತರಿಸಿಕೊಳ್ಳುತ್ತವೆ, ಆಸೆ ಬಿಡಬೇಡಿ.

ಡಾಕ್ಟರ ಹತ್ತಿರ ಹೋಗುವಾಗ

ಮುಂಬೈಯಲ್ಲಿ ಪ್ರಾಣಿ ಡಾಕ್ಟರು ಬಹಳ ಜನ ಇದ್ದಾರೆ, ಹೆಚ್ಚಿನವರು ನೋಡುವುದು ನಾಯಿ ಬೆಕ್ಕು. ಹಾಗಾಗಿ ಹೊರಡುವ ಮುಂಚೆ ಫೋನ್ ಮಾಡಿ ಕೇಳಿ: ಮೊಲ ನೋಡುತ್ತೀರಾ? ದವಡೆ ಹಲ್ಲು ನೋಡುವ ಉಪಕರಣ ಇದೆಯಾ? ಫ್ಲೋರೆಸಿನ್ ಪಟ್ಟಿ ಇದೆಯಾ? ಹೌದು ಅಂದವರ ಹತ್ತಿರ ಹೋಗಿ. ದಾರಿ ತೋಚದಿದ್ದರೆ ಪರೇಲಿನಲ್ಲಿ ಬಾಯಿ ಸಾಕರಬಾಯಿ ಪ್ರಾಣಿ ಆಸ್ಪತ್ರೆ ಇದೆ, 1886ರಲ್ಲಿ ಶುರುವಾದ ಬಾಂಬೆ ವೆಟರ್ನರಿ ಕಾಲೇಜೂ ಅಲ್ಲೇ.

ಬಿಸಿಲು ಮೊಲದ ವೈರಿ. ಮೂವತ್ತು ಡಿಗ್ರಿ ದಾಟಿದರೆ ಬೇಗ ಬಸವಳಿಯುತ್ತದೆ. ಬೆಳಿಗ್ಗೆಯ ಹೊತ್ತೇ ತೆಗೆದುಕೊಳ್ಳಿ. ಬುಟ್ಟಿಯ ಒಂದು ಮೂಲೆಯಲ್ಲಿ ಐಸ್ ಕಟ್ಟಿದ ನೀರಿನ ಬಾಟಲಿಯನ್ನು ಟವೆಲಲ್ಲಿ ಸುತ್ತಿಡಿ. ತಿನ್ನಲು ಸೊಪ್ಪು ಇರಲಿ. "ಅರಿವಳಿಕೆ ಇದೆ, ಖಾಲಿ ಹೊಟ್ಟೆಯಲ್ಲಿ ತನ್ನಿ" ಅಂದರೆ ವಿನಯದಿಂದಲೇ ಇನ್ನೊಮ್ಮೆ ಕೇಳಿ. ಮೊಲಕ್ಕೆ ವಾಂತಿ ಬರುವುದಿಲ್ಲ, ಅದನ್ನು ಉಪವಾಸ ಇಡಬಾರದು.

ಹನಿ ಹಾಕುವ ಕ್ರಮ ಅಲ್ಲೇ ಕಲಿತು ಬನ್ನಿ. ನಾನು ನೆಲದ ಮೇಲೆ ಮಂಡಿ ಊರಿ ಕೂತು, ಬೆಣ್ಣೆಯನ್ನು ಟವೆಲಲ್ಲಿ ಸುತ್ತಿ ತೊಡೆಗಳ ನಡುವೆ ಕೂರಿಸಿಕೊಳ್ಳುತ್ತೇನೆ, ಬೆನ್ನು ನನ್ನ ಕಡೆಗೆ. ಹಿಂಗಾಲಿಗೆ ಆಸರೆ ಇರಲೇಬೇಕು, ಜೋರಾಗಿ ಒದ್ದುಕೊಂಡರೆ ಮೊಲದ ಬೆನ್ನುಮೂಳೆಯೇ ಮುರಿಯಬಹುದು. ಬಾಟಲಿ ಎದುರಿನಿಂದ ಬಂದರೆ ಬೆದರುತ್ತದೆ. ತಲೆಯ ಹಿಂದಿನಿಂದ ತಂದು ಮೇಲಿನ ರೆಪ್ಪೆ ಸ್ವಲ್ಪ ಎತ್ತಿ ಒಂದು ಹನಿ. ಎರಡು ಬಗೆಯ ಹನಿ ಇದ್ದರೆ ನಡುವೆ ಐದು ನಿಮಿಷ ಬಿಡಿ. ಮುಗಿದ ಮೇಲೆ ಒಂದು ಪುದೀನ ಎಲೆ.

ವಾರಕ್ಕೊಮ್ಮೆ ತೂಕ ಬರೆದಿಡಿ. ಎರಡು ಕಿಲೋದ ಮೊಲದಲ್ಲಿ ನೂರು ಗ್ರಾಂ ಇಳಿಯುವುದು ದೊಡ್ಡದು. ಬೆಣ್ಣೆಯ ಹಲ್ಲು ಮತ್ತೆ ಕೆಟ್ಟಾಗ ಕಣ್ಣಿಗಿಂತ ಮೊದಲು ಹೇಳಿದ್ದು ತಕ್ಕಡಿ.

ನೋಟ ಹೋಗುತ್ತಿದೆ ಅನಿಸಿದರೆ

ಮುಖದ ಮುಂದೆ ಕೈ ಬೀಸಿ ಪರೀಕ್ಷೆ ಮಾಡಬೇಡಿ. ಕಣ್ಣು ಚೆನ್ನಾಗಿರುವ ಮೊಲವೂ ಎಷ್ಟೋ ಸಲ ರೆಪ್ಪೆ ಬಡಿಯುವುದಿಲ್ಲ, ಕುರುಡು ಮೊಲ ಗಾಳಿ ಮೀಸೆಗೆ ತಾಗಿದಾಗ ತಲೆ ಹಿಂದೆ ತೆಗೆಯುತ್ತದೆ. ಅದು ದಿನಾ ಓಡಾಡುವ ದಾರಿಯಲ್ಲಿ ಒಂದು ಖಾಲಿ ರಟ್ಟಿನ ಡಬ್ಬಿ ಇಟ್ಟು ದೂರ ಕೂತು ನೋಡಿ. ಮುಟ್ಟುವ ತನಕ ನಿಲ್ಲದಿದ್ದರೆ ಕಾಣುತ್ತಿಲ್ಲ.

ಮೊಲ ಮೂಗು, ಕಿವಿ, ಮೀಸೆಗಳಿಂದ ಮನೆಯನ್ನು ತಿಳಿದುಕೊಂಡಿರುತ್ತದೆ. ನಿಧಾನವಾಗಿ ನೋಟ ಕಳೆದುಕೊಂಡ ಮೊಲ ಎಷ್ಟು ಸಲೀಸಾಗಿ ಓಡಾಡುತ್ತದೆ ಅಂದರೆ ಮನೆಯವರಿಗೇ ತಿಂಗಳಾನುಗಟ್ಟಲೆ ಗೊತ್ತಾಗುವುದಿಲ್ಲ. ನೀವು ಮಾಡಬೇಕಾದದ್ದು ಸಾಮಾನು ಕದಲಿಸದಿರುವುದು. ನೀರಿನ ಬಟ್ಟಲು, ಹುಲ್ಲು, ತಟ್ಟೆ ಮೂರೂ ಇದ್ದಲ್ಲೇ ಇರಲಿ. ಮುಟ್ಟುವ ಮುಂಚೆ ಹೆಸರು ಕರೆಯಿರಿ. ಎತ್ತಿಕೊಂಡು ಹೋಗಿ ಎಲ್ಲೋ ಇಳಿಸಬೇಡಿ, ಅದಕ್ಕೆ ಗೊತ್ತಿರುವ ಜಾಗದಲ್ಲೇ ಇಳಿಸಿ. ಗ್ಯಾಲರಿಯ ಗ್ರಿಲ್ಲಿಗೆ ಕೆಳಗಿನಿಂದ ಎರಡು ಅಡಿ ಜಾಲರಿ ಹಾಕಿಸಿ.

ನಮ್ಮ ಟೈಲ್ಸ್ ನೆಲ ಜಾರುತ್ತದೆ. ಬೆಣ್ಣೆಯ ಮಲಗುವ ಜಾಗದಿಂದ ಊಟದ ಬಟ್ಟಲಿನವರೆಗೆ ನಾಲ್ಕು ಕಾಲೊರೆಸುವ ಬಟ್ಟೆಗಳನ್ನು ಸಾಲಾಗಿ ಹಾಸಿದ್ದೇವೆ. ಬೆಳಿಗ್ಗೆ ಸ್ಟೀಲ್ ಬಟ್ಟಲನ್ನು ಉಗುರಿನಿಂದ ಎರಡು ಸಲ ಟಣ್ ಟಣ್ ಅನಿಸುತ್ತೇನೆ. ಎದ್ದು ಕಿವಿ ನಿಮಿರಿಸಿ, ಮೀಸೆ ಮುಂದೆ ಚಾಚಿ, ಮೊದಲ ಬಟ್ಟೆಯ ಅಂಚು ಹುಡುಕಿಕೊಂಡು ಅದೇ ದಾರಿಯಲ್ಲಿ ಬಂದುಬಿಡುತ್ತಾಳೆ. ಒಂದನ್ನು ಒಗೆಯಲು ತೆಗೆದರೆ ಆ ಕ್ಷಣವೇ ಅಲ್ಲಿ ಇನ್ನೊಂದು ಹಾಸಬೇಕು. ಮರೆತ ದಿನ ಅವಳು ಆ ಖಾಲಿ ಜಾಗದ ಅಂಚಿನಲ್ಲಿ ಮುಂಗಾಲು ಎತ್ತಿಕೊಂಡು ನಿಂತಿರುತ್ತಾಳೆ.